ಹಗೇವಿನ ರಾಗಿ, ಬೀರುವಿನ ವೈನು

ವೈನ್ ಹಳೆಯದಾದಷ್ಟೂ ರುಚಿ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಅದನ್ನ ನಂಬಿ ಜಯನಗರದ ಗೆಳೆಯರೊಬ್ಬರು "ಮಗಳ ಮದುವೆಗೆ ತೆಗೆಯೋಣ" ಅಂತ ನಂದಿಬೆಟ್ಟದ ಬಾಟಲಿಯೊಂದನ್ನ ಬೀರುವಿನಲ್ಲಿ ಇಟ್ಟಿದ್ದಾರೆ. ಮಗಳಿಗಿನ್ನೂ ಆರು ವರ್ಷ :)

ನಮ್ಮೂರಿನ ಹೆಸರು ಹೊತ್ತ ದ್ರಾಕ್ಷಿ ಬೆಂಗಳೂರು ಬ್ಲೂ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆಳೆ. ಇಂಥ ಕಪ್ಪು ದ್ರಾಕ್ಷಿಗೆ ಸಕ್ಕರೆ, ಈಸ್ಟ್, ಚಕ್ಕೆ-ಲವಂಗ ಹಾಕಿ ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ವೈನ್ ಮಾಡ್ತಾರೆ. ಅದು ಹಬ್ಬದಲ್ಲೇ ಕುಡಿದು ಮುಗಿಸೋ ವೈನು, ಮೊಮ್ಮಕ್ಕಳಿಗೆ ಎತ್ತಿಡೋದಲ್ಲ.

ಇಟ್ಟು ಮಾಗಿಸಬಹುದಾದ ವೈನಿನ ಕಥೆ ಇಲ್ಲಿ ತೀರಾ ಈಚಿನದು. ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿದ್ದು ೧೯೮೮ರಲ್ಲಿ. ಆಮೇಲೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾದರು, ಓಕ್ ಪೀಪಾಯಿಯಲ್ಲಿ ಮಾಗಿದ 'ಲಾ ರಿಸರ್ವ್' ಬಂತು. ರಾಜ್ಯ ಸರ್ಕಾರದ ವೈನ್ ನೀತಿ ಬಂದದ್ದು ೨೦೦೭ರಲ್ಲಿ. ಅಂದರೆ ನಮ್ಮ ವೈನಿಗೆ ನನ್ನ ತಲೆಮಾರಿನಷ್ಟೂ ವಯಸ್ಸಾಗಿಲ್ಲ!

ಒಗರು, ಹುಳಿ ಎರಡೂ ಗಟ್ಟಿಯಾಗಿರೋ ಕೆಂಪು ವೈನ್ ದಶಕಗಟ್ಟಲೆ ತಾಳಬಹುದು. ಪ್ರಪಂಚದ ಬಹುಪಾಲು ವೈನ್ ಕೆಲವೇ ವರ್ಷದಲ್ಲಿ ಕುಡಿಯೋಕೆ ಮಾಡಿದ್ದು. ತಾಳೋ ವೈನಿಗೂ ಕತ್ತಲು ಬೇಕು, ಸುಮಾರು ೧೨-೧೪ ಡಿಗ್ರಿ ತಂಪು ಬೇಕು, ಬಿರಡೆ ಒಣಗದ ಹಾಗೆ ಬಾಟಲಿ ಮಲಗಿರಬೇಕು. ನಮ್ಮ ಊರೋ, ೨೦೧೬ರ ಏಪ್ರಿಲ್‌ನಲ್ಲಿ ೩೯ ಡಿಗ್ರಿ ದಾಟಿತ್ತು. ಬಿಸಿಗೆ ಬಣ್ಣ ಕಂದುತ್ತೆ, ಹಣ್ಣಿನ ಘಮ ಹೋಗುತ್ತೆ.

ಹಾಗಂತ ನೆಲದಡಿಯ ತಂಪು ನಮಗೆ ಗೊತ್ತಿಲ್ಲದ್ದೇನಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನ ಹಗೇವಿನಲ್ಲಿ ಹುಗಿದು, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡ್ತಿದ್ದರು. ಬರಗಾಲಕ್ಕೆ ಅದೇ ಆಧಾರ. ೧೯೪೮ರಲ್ಲಿ ಶುರುವಾದ ಜಯನಗರದ ಸೈಟುಗಳಿಗೆ ಹಗೇವು ಬರಲಿಲ್ಲ. ನಮ್ಮ ಮನೆಗಳ ನೆಲದೊಳಗೆ ಈಗ ಇರೋದು ಸಂಪು ಒಂದೇ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ. ಬನಶಂಕರಿಯಾಗಲಿ ಬಿಟಿಎಂ ಆಗಲಿ, ತಾರಸಿ ಕೆಳಗಿನ ಬೀರು ಮಾತ್ರ ಬೇಡ. ವೈನಿಗೆಂದೇ ಇರೋ ಸಣ್ಣ ಫ್ರಿಜ್ಜು ಕೊಳ್ಳಿ. ಒಂದೇ ವರ್ಷದ ಮೂರ್ನಾಲ್ಕು ಬಾಟಲಿ ಇಟ್ಟು, ವರ್ಷಕ್ಕೊಂದು ತೆಗೆದು ರುಚಿ ಬರೆದಿಡಿ. ಹಾಗೆ ಬರೆದಿಟ್ಟರೆ ನಂದಿಬೆಟ್ಟದ ವೈನ್ ಎಷ್ಟು ವರ್ಷ ತಾಳುತ್ತೆ ಅನ್ನೋದಕ್ಕೆ ನಮ್ಮದೇ ಲೆಕ್ಕ ಸಿಗುತ್ತೆ. ಮಗಳ ಮದುವೆ ಹೊತ್ತಿಗೆ ಆ ನೋಟ್‌ಬುಕ್ಕಂತೂ ಕೆಡೋದಿಲ್ಲ.

ನಿಮ್ಮ ಮನೇಲೂ ಇಂಥ ಬಾಟಲಿ ಇದೆಯಾ? ಎಲ್ಲಿಟ್ಟಿದ್ದೀರಿ, ಹೇಳಿ...