ನೆಲೋಗಿಯಿಂದ ಪಿಎಚ್‌ಡಿ ಎಷ್ಟು ದೂರ?

ನೆಲೋಗಿ ಅಂದ್ರೆ ಧರ್ಮಸಿಂಗ್ ನೆನಪಾಗ್ತಾರೆ. 2004ರಲ್ಲಿ ಮುಖ್ಯಮಂತ್ರಿ ಆದವರ ಊರು. ಇವತ್ತಿನ ಪ್ರಶ್ನೆ ಬೇರೆ. ಇಲ್ಲಿನ ಬಿ.ಕಾಂ ಹುಡುಗಿ ಮಾರ್ಕೆಟಿಂಗ್‌ನಲ್ಲಿ ಪಿಎಚ್‌ಡಿ ಮಾಡ್ತೀನಿ ಅಂದ್ರೆ ಎಲ್ಲಿಗೆ ಹೋಗಬೇಕು?

1980ರವರೆಗೆ ನಮ್ಮ ಭಾಗಕ್ಕೆ ಸ್ವಂತ ವಿಶ್ವವಿದ್ಯಾಲಯವೇ ಇರಲಿಲ್ಲ. ಕಲಬುರಗಿಯಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿವಿಯ ಸ್ನಾತಕೋತ್ತರ ಕೇಂದ್ರ. ಆ ವರ್ಷ ಗುಲಬರ್ಗಾ ವಿವಿ ಬಂತು. 2009ರಲ್ಲಿ ಕೇಂದ್ರೀಯ ವಿವಿ, ಅದರ ಕ್ಯಾಂಪಸ್ ಈಗ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ.

ಬೆಂಗಳೂರಿನ ಕಥೆ ಇನ್ನೂ ವಿಚಿತ್ರ. 1973ರಲ್ಲಿ ಶುರುವಾದ ಐಐಎಂಗೆ ಪದವಿ ಕೊಡೋ ಅಧಿಕಾರವೇ ಇರಲಿಲ್ಲ. ವರ್ಷಗಟ್ಟಲೆ ಸಂಶೋಧನೆ ಮಾಡಿ, ಪ್ರಬಂಧ ಬರೆದವರಿಗೆ ಸಿಕ್ಕಿದ್ದು ‘ಫೆಲೋ’ ಅನ್ನೋ ಹೆಸರು. ಮನೆಯಲ್ಲಿ ಅದನ್ನು ಹೇಗೆ ವಿವರಿಸಿದ್ರೋ ಪಾಪ! ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಯಾದ ಮೇಲೇ ಅಲ್ಲಿ ಪಿಎಚ್‌ಡಿ ಕೊಡುವಂತಾಯ್ತು.

ಸರಿ, ಪದವಿ ಹತ್ತಿರ ಬಂತು. ವಿಷಯ? ಅದು ಹೊಲದಲ್ಲೇ ಇದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ಆ ಹೆಸರಿನಿಂದ ರೈತನ ಕೈಗೆ ಕ್ವಿಂಟಲ್‌ಗೆ ಎಷ್ಟು ಹೆಚ್ಚಿಗೆ ಬಂತು? ಇದು ಪಕ್ಕಾ ಮಾರ್ಕೆಟಿಂಗ್ ಪ್ರಶ್ನೆ. ನಾನಂತೂ ಬಿ.ಕಾಂಗೇ ನಿಲ್ಲಿಸಿ ಮೈಕ್ ಹಿಡಿದೆ. ಜೇವರ್ಗಿ, ಅಫಜಲಪುರ ಕಡೆ ಯಾರಾದ್ರೂ ಇದರ ಬೆನ್ನು ಹತ್ತಿದ್ರೆ ಮೆಸೇಜ್ ಹಾಕ್ರಿ. ಮುಂದಿನ ಸಂಚಿಕೆ ನಿಮ್ಮ ಜೊತೆನೇ.