ಗುಜರಿಗೆ ಹೋದ ಸರ್ವರ್ ಮತ್ತು 21 ಸೆಕೆಂಡು

2009ರ ಮಾತು. ನಾನಿದ್ದ ಬ್ರಾಂಚ್ ಆಫೀಸಿನಲ್ಲಿ ಟೈಪಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಅಕ್ಕ ಅಂತಲೇ ಕರೀತಿದ್ವಿ. ಅವರ ಹಳೇ ವರ್ಡ್ ಫೈಲು ಒಂದೊಂದೂ ತೆರೆಯಲು ಹತ್ತಿರಹತ್ತಿರ ಒಂದು ನಿಮಿಷ ಹಿಡಿಯುತ್ತಿತ್ತು. ಪತ್ರಗಳು ತಡವಾದವು. "ವಯಸ್ಸಾಯ್ತು, ಕೈ ನಿಧಾನ" ಅಂತ ಮ್ಯಾನೇಜರ್ ತೀರ್ಮಾನಿಸಿದರು. ಅವರನ್ನು ಬೇರೆ ಕಡೆ ಹಾಕುವ ಮಾತೂ ಶುರುವಾಯ್ತು.

ಆಂಟಿವೈರಸ್ ನಿಲ್ಲಿಸಿ ನೋಡಿದೆ, ಮೆಮೊರಿ ಹೆಚ್ಚಿಸಿ ನೋಡಿದೆ. ಉಹೂಂ. ಒಂದು ದಿನ ಮೇಜು ಒರೆಸುವಾಗ ನೆಟ್‌ವರ್ಕ್ ಕೇಬಲ್ ಕಳಚಿಕೊಂಡಿತು. ಅದೇ ಫೈಲು ಥಟ್ಟನೆ ತೆರೆಯಿತು! ಫೈಲು ಇದ್ದಿದ್ದು ಅಕ್ಕನ ಕಂಪ್ಯೂಟರಿನಲ್ಲೇ. ಅದಕ್ಕೆ ನೆಟ್‌ವರ್ಕಿನಲ್ಲಿ ಏನು ಕೆಲಸ?

ಕೇಬಲ್ ಮತ್ತೆ ಸಿಕ್ಕಿಸಿ, ಫೈಲು ತೆರೆಯುತ್ತಿರುವಾಗಲೇ ನೆಟ್‌ಸ್ಟ್ಯಾಟ್ ಕಮಾಂಡ್ ಓಡಿಸಿದೆ. ಹೆಡ್ ಆಫೀಸಿನ ಹಳೇ ಸರ್ವರ್‌ಗೆ ಕರೆ ಹೋಗಿತ್ತು, ಉತ್ತರ ಬಂದಿರಲಿಲ್ಲ. ಬರೋದಾದರೂ ಹೇಗೆ? ಆ ಸರ್ವರ್ ಗುಜರಿಗೆ ಹೋಗಿ ವರ್ಷವಾಗಿತ್ತು. ಈ ಪತ್ರಗಳನ್ನೆಲ್ಲ ಮಾಡಿದ್ದು ಅದರಲ್ಲಿದ್ದ ಟೆಂಪ್ಲೇಟಿನಿಂದ. ವರ್ಡ್ ಫೈಲು ತನ್ನ ಟೆಂಪ್ಲೇಟ್ ಎಲ್ಲಿದೆ ಅನ್ನೋದನ್ನ ಒಳಗೇ ಬರೆದಿಟ್ಟುಕೊಳ್ಳುತ್ತೆ. ತೆರೆದಾಗ ಅಲ್ಲಿಗೇ ಹೋಗಿ ಹುಡುಕುತ್ತೆ.

ಸರಿ, ಉತ್ತರ ಬರದಿದ್ದರೆ ಬಿಟ್ಟುಬಿಡಬಾರದಾ? ಅಷ್ಟು ಹೊತ್ತು ಕಾಯೋದ್ಯಾಕೆ? ಅದಕ್ಕೊಂದು ಇತಿಹಾಸವಿದೆ.

1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಬರೀ 400 ಗಜ ದೂರ. ಅಲ್ಲಿ ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ದಾರಿ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಉತ್ತರ ತಡವಾದಂತೆಲ್ಲ ಕಂಪ್ಯೂಟರುಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ, ಕಟ್ಟಿಕೊಂಡ ದಾರಿಯನ್ನು ಇನ್ನಷ್ಟು ಕಟ್ಟಿಸುತ್ತಿದ್ದವು. ಇದರ ಬೆನ್ನುಹತ್ತಿದ ವ್ಯಾನ್ ಜೇಕಬ್ಸನ್ 1988ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ಉತ್ತರ ಬರಲಿಲ್ಲವೇ? ಮತ್ತೆ ಕೇಳುವ ಮುಂಚೆ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಕಾಯಿರಿ. 1989ರ ಆರ್‌ಎಫ್‌ಸಿ 1122 ಇದನ್ನು ಇಂಟರ್ನೆಟ್ಟಿನ ನಿಯಮವನ್ನಾಗಿ ಮಾಡಿ, ಮೊದಲ ಕಾಯುವಿಕೆಯನ್ನು 3 ಸೆಕೆಂಡು ಅಂತ ಇಟ್ಟಿತು.

ಅಕ್ಕನ ವಿಂಡೋಸ್ ಎಕ್ಸ್‌ಪಿ ಮಾಡಿದ್ದೂ ಅದನ್ನೇ. 3 ಸೆಕೆಂಡು, ಆಮೇಲೆ 6, ಆಮೇಲೆ 12. ಒಂದು ಪ್ರಯತ್ನಕ್ಕೇ 21 ಸೆಕೆಂಡು. ಎರಡು ಮೂರು ಪ್ರಯತ್ನ ಆದರೆ ನಿಮಿಷ ಮುಗೀತು! ನೆಟ್‌ವರ್ಕುಗಳು ವೇಗವಾದ ಮೇಲೆ, 2011ರ ಆರ್‌ಎಫ್‌ಸಿ 6298 ಆ 3 ಸೆಕೆಂಡನ್ನು 1ಕ್ಕೆ ಇಳಿಸಿತು. ನಮ್ಮ ಆಫೀಸಿಗೆ ಅದು ತಡವಾಯ್ತು ಅನ್ನಿ.

ಕಾಯುವ ನಿಯಮದಲ್ಲಿ ತಪ್ಪಿರಲಿಲ್ಲ. ಅದಿಲ್ಲದಿದ್ದರೆ ಇಂಟರ್ನೆಟ್ಟೇ ಉಳೀತಿರಲಿಲ್ಲವೇನೋ. ತಪ್ಪು ನಮ್ಮದು. ಸರ್ವರ್ ತೆಗೆದೆವು, ಅದರ ವಿಳಾಸ ಯಾವ್ಯಾವ ಫೈಲಿನಲ್ಲಿ ಉಳಿದಿದೆ ಅಂತ ನೋಡಲಿಲ್ಲ. ಪತ್ರಗಳಿಗೆ ಅಂಟಿದ್ದ ಹಳೇ ಟೆಂಪ್ಲೇಟ್ ತೆಗೆದು, ಕಂಪ್ಯೂಟರಿನಲ್ಲೇ ಇದ್ದ ನಾರ್ಮಲ್ ಟೆಂಪ್ಲೇಟ್ ಕೊಟ್ಟೆ. ಫೈಲುಗಳು ಕ್ಲಿಕ್ಕಿಸಿದ ಕೂಡಲೇ ತೆರೆದುಕೊಂಡವು.

ಅಕ್ಕ ನಿವೃತ್ತಿಯವರೆಗೂ ಅದೇ ಕುರ್ಚಿಯಲ್ಲಿದ್ದರು. "ಕೈ ನಿಧಾನ" ಅಂದವರು ಮಾತ್ರ ಆ ಮಾತನ್ನು ವಾಪಸ್ ತಗೊಳ್ಳಲಿಲ್ಲ.