ಸಿಕ್ಕಿದ ಕೋವಿ ಯಾರದು?

ನಾಲ್ವರು ಬಾಡಿಗೆಗಿದ್ದ ಕೋಣೆಯ ಅಟ್ಟದಲ್ಲಿ ಒಂದು ನಾಡಪಿಸ್ತೂಲು ಸಿಗುತ್ತದೆ. ಅದು ಯಾರ ಕೈಯಲ್ಲಿಯೂ ಇರಲಿಲ್ಲ, ಅದನ್ನು ಅಲ್ಲಿಟ್ಟದ್ದನ್ನು ಯಾರೂ ಕಂಡಿಲ್ಲ. ಕೋಣೆಯ ಬೀಗದ ಕೈ ಒಬ್ಬನ ಕಿಸೆಯಲ್ಲಿತ್ತು, ಬಾಡಿಗೆ ಚೀಟಿ ಅವನ ಹೆಸರಿನಲ್ಲಿತ್ತು. ಇಷ್ಟು ಸಾಕೇ, ಅವನನ್ನು ಅಪರಾಧಿಯೆನ್ನಲು?

ಕಾನೂನು ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಿಲ್ಲ. ಒಂದು ವಸ್ತು ಒಬ್ಬನ ಬಳಿ ಸಿಕ್ಕುವುದು ಬೇರೆ, ಅವನು ಅದನ್ನು ತಿಳಿದು ಇಟ್ಟುಕೊಂಡಿರುವುದು ಬೇರೆ. ಇವೆರಡರ ನಡುವಿನ ಅಂತರವನ್ನು ಗುರುತಿಸಲು ನಮ್ಮ ನ್ಯಾಯಾಲಯಗಳು ಹಲವು ದಶಕಗಳನ್ನೇ ತೆಗೆದುಕೊಂಡವು. ಆ ಗುರುತಿಸುವಿಕೆ ಹೆಚ್ಚಾಗಿ ನಡೆದದ್ದು ಮೊದಲ ವಿಚಾರಣೆಯಲ್ಲಲ್ಲ, ಮೇಲ್ಮನವಿಯಲ್ಲಿ. ಆದ್ದರಿಂದ ಅಕ್ರಮ ಶಸ್ತ್ರ ಪ್ರಕರಣಗಳ ಇತಿಹಾಸವೆಂದರೆ ಬಹುಮಟ್ಟಿಗೆ ಮೇಲ್ಮನವಿಗಳ ಇತಿಹಾಸ.

ಆಯುಧ ಕಸಿದುಕೊಂಡ ಕಾಲ

ಆಯುಧವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿದ ಕಾನೂನಿನ ಬಿಸಿ ಮೊದಲು ತಟ್ಟಿದ ಊರುಗಳಲ್ಲಿ ಕನ್ನಡ ನಾಡಿನ ಹಲಗಲಿಯೂ ಒಂದು. 1857ರ ಬಂಡಾಯದ ಬೆನ್ನಿಗೇ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿಯಿಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ನಾವು ಲಾವಣಿಯಿಂದ ಬಲ್ಲೆವು.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಪರವಾನಗಿ ಕಡ್ಡಾಯ, ಯುರೋಪಿಯನ್ನನಿಗೆ ವಿನಾಯಿತಿ. ಕೈಯಲ್ಲಿರುವ ಕೋವಿ ಒಂದೇ ಆದರೂ ಮೈಬಣ್ಣವನ್ನು ನೋಡಿ ಅಪರಾಧ ನಿರ್ಧಾರವಾಗುತ್ತಿತ್ತು. 1887ರಲ್ಲಿ ಮದರಾಸಿನಲ್ಲಿ ಬದ್ರುದ್ದೀನ್ ತ್ಯಾಬ್ಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಈ ಕಾಯ್ದೆಯನ್ನು ಬದಲಿಸಬೇಕೆಂದು ನಿರ್ಣಯ ಅಂಗೀಕರಿಸಿತು. ಇದೇ ತ್ಯಾಬ್ಜಿ ಮುಂದೆ ಬೊಂಬಾಯಿ ಹೈಕೋರ್ಟಿನ ನ್ಯಾಯಾಧೀಶರಾಗಿ, 1897ರಲ್ಲಿ ರಾಜದ್ರೋಹದ ಆರೋಪ ಹೊತ್ತ ತಿಲಕರಿಗೆ ಜಾಮೀನು ನೀಡಿದರು.

ಕೊಡಗಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಪರವಾನಗಿಯಿಂದ ವಿನಾಯಿತಿಯಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೊಡವರ ಮನೆಯ ಗೋಡೆಯಲ್ಲಿ ಗೌರವದ ವಸ್ತುವಾಗಿರುವ ಕೋವಿ, ಪಕ್ಕದ ಜಿಲ್ಲೆಯ ಪರವಾನಗಿಯಿಲ್ಲದ ಮನೆಯಲ್ಲಿ ಅಪರಾಧವಾಗುತ್ತದೆ. ಅಂದರೆ ಇಲ್ಲಿ ಶಿಕ್ಷೆಗೆ ಗುರಿಯಾಗುವುದು ಕೋವಿಯಲ್ಲ, ಅದರೊಂದಿಗೆ ಮನುಷ್ಯನಿಗಿರುವ ಸಂಬಂಧ. ಆ ಸಂಬಂಧವನ್ನು ರುಜುವಾತು ಮಾಡುವುದು ಹೇಗೆಂಬುದೇ ನಮ್ಮ ಪ್ರಶ್ನೆ.

ಅರಿವು ಮತ್ತು ಹತೋಟಿ

ಸ್ವತಂತ್ರ ಭಾರತ 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಮಾಡಿತು. ಅದರ 25ನೆಯ ಕಲಮು ಅಕ್ರಮ ಸ್ವಾಧೀನಕ್ಕೆ ಶಿಕ್ಷೆ ವಿಧಿಸುತ್ತದೆ. 35ನೆಯ ಕಲಮು ನಾಲ್ವರ ಕೋಣೆಯಂತಹ ಪ್ರಸಂಗಗಳಿಗೆಂದೇ ಬರೆದದ್ದು. ಹಲವರು ಕೂಡಿ ವಾಸಿಸುವ ಮನೆಯಲ್ಲೋ, ಹಲವರ ಹತೋಟಿಯಲ್ಲಿರುವ ವಾಹನದಲ್ಲೋ ಆಯುಧ ಸಿಕ್ಕಿದರೆ, ಅದು ಅಲ್ಲಿರುವುದು ಯಾರಿಗೆ ತಿಳಿದಿತ್ತೆಂದು ನಂಬಲು ಕಾರಣವಿದೆಯೋ ಅವರು ಹೊಣೆಗಾರರು, ಹಾಗಲ್ಲವೆಂದು ಅವರು ರುಜುವಾತು ಮಾಡದಿದ್ದರೆ. ಇಲ್ಲಿ 'ತಿಳಿದಿತ್ತೆಂದು' ಎಂಬ ಮಾತು ಮುಖ್ಯ. ಅದೇ ಮನೆಯಲ್ಲಿದ್ದರು ಎಂಬುದಷ್ಟನ್ನೇ ಕಾನೂನು ಅಪರಾಧವೆಂದು ಹೇಳಿಲ್ಲ.

1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನದ ಅರ್ಥವನ್ನು ಬಿಡಿಸಿ ಹೇಳಿತು. ಮೊದಲನೆಯದು, ಆಯುಧ ತನ್ನಲ್ಲಿದೆಯೆಂಬ ಅರಿವು. ಎರಡನೆಯದು, ಅದು ಕೈಯಲ್ಲಿಲ್ಲದಿದ್ದರೆ ಅದರ ಮೇಲಿನ ಹತೋಟಿ. ಇವೆರಡೂ ಇದ್ದರೆ ವಸ್ತು ಬೇರೆಯವನ ಬಳಿಯಿದ್ದರೂ ಸ್ವಾಧೀನ ಮೊದಲಿನವನದೇ. ಆ ಪ್ರಕರಣದಲ್ಲಿ ರಿವಾಲ್ವರ್ ಸಿಕ್ಕಿದ್ದು ಬೇರೊಬ್ಬನ ಬಳಿ. ಆದರೂ ಆರೋಪವನ್ನು ಕೈಬಿಡಲು ನ್ಯಾಯಾಲಯ ಒಪ್ಪಲಿಲ್ಲ. ಅಂದರೆ ಈ ಸೂತ್ರಕ್ಕೆ ಎರಡು ಅಲಗು. ಅರಿಯದವನನ್ನು ಅದು ಕಾಯುತ್ತದೆ, ಅರಿತು ಇನ್ನೊಬ್ಬನ ಕೈಗೆ ದಾಟಿಸಿದವನನ್ನು ಬಿಡುವುದಿಲ್ಲ.

1994ರಲ್ಲಿ ಸಂಜಯ್ ದತ್ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠವು, ಟಾಡಾದ 5ನೆಯ ಕಲಮಿನಲ್ಲಿಯೂ ಸ್ವಾಧೀನವೆಂದರೆ ಅರಿವುಳ್ಳ ಸ್ವಾಧೀನವೇ ಎಂದು ತೀರ್ಮಾನಿಸಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಬರೆದ ಆ ತೀರ್ಪಿನಂತೆ, ಅಧಿಸೂಚಿತ ಪ್ರದೇಶದಲ್ಲಿ ಅಕ್ರಮ ಆಯುಧ ಸಿಕ್ಕಿದರೆ ಅದು ಭಯೋತ್ಪಾದನೆಗೆಂದೇ ಇದ್ದದ್ದೆಂಬ ಊಹೆ ಹುಟ್ಟುತ್ತದೆ. ಆದರೆ ಆ ಊಹೆಯನ್ನು ಅಲ್ಲಗಳೆಯುವ ಹಕ್ಕು ಆರೋಪಿಗಿದೆ.

ತೋರಿಸಿಕೊಟ್ಟ ಜಾಗ

ಇಂತಹ ಪ್ರಕರಣಗಳಲ್ಲಿ ಪೊಲೀಸರ ಬಲವಾದ ಸಾಕ್ಷ್ಯ ಸಾಮಾನ್ಯವಾಗಿ ಇದು: 'ಆರೋಪಿಯೇ ಹೇಳಿ ಜಾಗ ತೋರಿಸಿದ.' ಕಸ್ಟಡಿಯಲ್ಲಿ ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆದರೆ ಆ ಹೇಳಿಕೆಯಿಂದ ಏನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೆಯ ಕಲಮು ಹೇಳಿದ್ದು ಇದನ್ನೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಇದು ಉಳಿದಿದೆ.

ಇದರ ಮಿತಿಯನ್ನು ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ 1946ರ ಕೊನೆಗೆ ಪ್ರಿವಿ ಕೌನ್ಸಿಲ್ ಗೊತ್ತುಮಾಡಿತು. 'ಮನೆಯ ಮಾಡಿನಲ್ಲಿ ಅಡಗಿಸಿಟ್ಟ ಚೂರಿಯನ್ನು ತೋರಿಸುತ್ತೇನೆ' ಎಂದು ಒಬ್ಬ ಹೇಳಿದರೆ, ಪತ್ತೆಯಾದ ಸಂಗತಿ ಚೂರಿಯಲ್ಲ. ಚೂರಿ ಅಲ್ಲಿರುವುದು ಅವನಿಗೆ ಗೊತ್ತಿತ್ತು ಎಂಬುದು. 'ಅದರಿಂದಲೇ ಇರಿದೆ' ಎಂಬ ಮಾತು ಸೇರಿದ್ದರೆ ಆ ಮಾತನ್ನು ತೆಗೆದಿಡಬೇಕು. ಆದರೆ ಒಂದು ವಸ್ತು ಎಲ್ಲಿದೆಯೆಂದು ತಿಳಿದವನೆಲ್ಲ ಅದರ ಒಡೆಯನಾಗುವುದಿಲ್ಲ. ಬೇರೆಯವರು ಅಡಗಿಸಿದ್ದನ್ನು ಕಂಡವನಿಗೂ ಜಾಗ ಗೊತ್ತಿರುತ್ತದೆ.

ತ್ರಿಂಬಕ್ ಪ್ರಕರಣದಲ್ಲಿ ಕಳವಿನ ಒಡವೆ ಸಿಕ್ಕಿದ್ದು ಎಲ್ಲರೂ ಓಡಾಡುವ ಬಯಲು ಹೊಲದಲ್ಲಿ. ಅಂತಹ ಜಾಗದಲ್ಲಿ ಸಿಕ್ಕಿದ್ದು ಆರೋಪಿಯ ಸ್ವಾಧೀನದಲ್ಲಿತ್ತೆಂದು ಖಚಿತವಾಗಿ ಹೇಳಲಾಗದೆಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ಇದನ್ನೇ ಹಿಡಿದು 'ಬಯಲಿನಲ್ಲಿ ಸಿಕ್ಕಿದ್ದೆಲ್ಲ ನಿರರ್ಥಕ' ಎನ್ನುವಂತಿಲ್ಲ. 1999ರಲ್ಲಿ ಹಿಮಾಚಲ ಪ್ರದೇಶದ ಜೀತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮುಖ್ಯವಾದದ್ದು ಜಾಗ ಬಯಲೋ ಅಲ್ಲವೋ ಎಂಬುದಲ್ಲ, ವಸ್ತು ಇತರರ ಕಣ್ಣಿಗೆ ಬೀಳುವಂತಿತ್ತೋ ಇಲ್ಲವೋ ಎಂಬುದು ಎಂದಿತು.

ಸರಪಳಿಯ ಐದು ನಿಯಮ

ಕಂಡ ಸಾಕ್ಷಿಯಿಲ್ಲದೆ ಸಂದರ್ಭಗಳನ್ನು ಜೋಡಿಸಿ ಅಪರಾಧ ನಿರ್ಣಯಿಸುವಾಗ ಎಚ್ಚರವಿರಬೇಕೆಂದು ಸುಪ್ರೀಂ ಕೋರ್ಟ್ 1952ರ ಹನುಮಂತ್ ಪ್ರಕರಣದಲ್ಲಿಯೇ ಹೇಳಿತ್ತು. ಅದನ್ನು ಐದು ನಿಯಮಗಳಾಗಿ ಕಟ್ಟಿಕೊಟ್ಟವರು ನ್ಯಾಯಮೂರ್ತಿ ಸೈಯದ್ ಮುರ್ತಜಾ ಫಜಲ್ ಅಲಿ. ಅದು 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣ. ಪತ್ನಿಗೆ ವಿಷವಿಕ್ಕಿದ ಆರೋಪದಲ್ಲಿ ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿತ್ತು, ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟ್ ಆತನನ್ನು ಬಿಡುಗಡೆ ಮಾಡಿತು.

ಫಜಲ್ ಅಲಿಯವರು 'ಪಂಚಶೀಲ'ವೆಂದು ಕರೆದ ಆ ನಿಯಮಗಳ ಸಾರ ಹೀಗಿದೆ. ಒಂದೊಂದು ಸಂದರ್ಭವೂ ಪೂರ್ಣವಾಗಿ ರುಜುವಾತಾಗಬೇಕು. ಅವೆಲ್ಲ ಆರೋಪಿಯ ಅಪರಾಧದೊಂದಿಗೆ ಮಾತ್ರ ಹೊಂದಿಕೊಳ್ಳಬೇಕು. ಅವು ನಿರ್ಣಾಯಕ ಸ್ವರೂಪದವಾಗಿರಬೇಕು. ಬೇರೆ ಎಲ್ಲ ಸಾಧ್ಯತೆಗಳನ್ನು ಅವು ಹೊರಗಿಡಬೇಕು. ಕೊನೆಯದಾಗಿ, ಆರೋಪಿ ನಿರಪರಾಧಿ ಎನ್ನಲು ಎಡೆಯೇ ಇಲ್ಲದಂತೆ ಸರಪಳಿ ಪೂರ್ಣವಾಗಿರಬೇಕು. 'ಇವನಾಗಿರಬಹುದು' ಎಂಬುದಕ್ಕೂ 'ಇವನೇ ಆಗಿರಬೇಕು' ಎಂಬುದಕ್ಕೂ ಇರುವ ದೂರವನ್ನು ಊಹೆಯಿಂದ ತುಂಬಿಸುವಂತಿಲ್ಲ.

ಅದೇ ತೀರ್ಪು ಇನ್ನೆರಡು ಸಂಗತಿಗಳನ್ನೂ ಸ್ಪಷ್ಟಪಡಿಸಿತು. ಆರೋಪಿ ಸುಳ್ಳು ಹೇಳಿದನೆಂಬುದರಿಂದ ಮುರಿದ ಸರಪಳಿ ಕೂಡಿಕೊಳ್ಳುವುದಿಲ್ಲ. ಆರೋಪಿಯ ಹೇಳಿಕೆ ಪಡೆಯುವಾಗ ಅವನ ಮುಂದಿಡದ ಸಂದರ್ಭವನ್ನು ಅವನ ವಿರುದ್ಧ ಬಳಸುವಂತಿಲ್ಲ. ಕೊಲೆ ಪ್ರಕರಣದಲ್ಲಿ ಹುಟ್ಟಿದ ಈ ಅಳತೆಗೋಲು ಅಟ್ಟದಲ್ಲಿ ಸಿಕ್ಕಿದ ಪಿಸ್ತೂಲಿಗೂ ಅನ್ವಯಿಸುತ್ತದೆ. ಬೀಗದ ಕೈ ಇನ್ನೂ ಮೂವರಲ್ಲಿತ್ತೇ? ಮೊದಲಿದ್ದ ಬಾಡಿಗೆದಾರ ಯಾರು? ಅಟ್ಟಕ್ಕೆ ಯಾರು ಬೇಕಾದರೂ ಹತ್ತಬಹುದಿತ್ತೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಸರಪಳಿಯಲ್ಲಿ ಕೊಂಡಿ ಕಳಚಿದೆ ಎಂದರ್ಥ.

ಅರಗು, ಮೊಹರು, ಸಾಕ್ಷಿ

ಟಾಡಾ ಕಾಲದ ಒಂದು ವಿಚಿತ್ರವನ್ನು ಇಲ್ಲಿ ನೆನೆಯಬೇಕು. ಆ ಕಾಯ್ದೆಯಡಿ ಶಿಕ್ಷೆಯಾದವನಿಗೆ ಹೈಕೋರ್ಟಿಗೆ ಹೋಗುವ ದಾರಿಯಿರಲಿಲ್ಲ. ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೇ. ಒಂದು ರಿವಾಲ್ವರಿನೊಂದಿಗೆ ಸಿಕ್ಕಿಬಿದ್ದನೆನ್ನಲಾದ ಪಂಜಾಬಿನ ಹಳ್ಳಿಗನೂ ದಿಲ್ಲಿಯ ಬಾಗಿಲನ್ನೇ ತಟ್ಟಬೇಕಾಗಿತ್ತು. ಕನಿಷ್ಠ ಶಿಕ್ಷೆ ಐದು ವರ್ಷವಿದ್ದ ಕಾಯ್ದೆಯದು. ಅಷ್ಟು ದೂರ ಹೋಗಲಾರದವರ ಕಥೆ ತೀರ್ಪುಗಳ ಸಂಪುಟದಲ್ಲಿ ಸಿಗುವುದಿಲ್ಲ.

ಹೋದವರ ಪ್ರಕರಣಗಳಿಂದ ಮಾತ್ರ ಬೆಲೆಬಾಳುವ ಪಾಠಗಳು ದೊರೆತವು. 1995ರ ಒಂದು ಪಂಜಾಬ್ ಪ್ರಕರಣದಲ್ಲಿ, ವಶಪಡಿಸಿಕೊಂಡ ರಿವಾಲ್ವರನ್ನು ಸ್ಥಳದಲ್ಲೇ ಮೊಹರು ಮಾಡದ್ದು ಗಂಭೀರ ಲೋಪ, ಆಯುಧ ಬದಲಾಗಿಲ್ಲವೆಂದು ಹೇಳಲಾಗದು ಎಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿತು. 1996ರ ಇನ್ನೊಂದರಲ್ಲಿ, ಊರಿನ ಯಾರನ್ನೂ ಸಾಕ್ಷಿಯಾಗಿ ಕರೆಯಲು ಪ್ರಯತ್ನಿಸಿರಲಿಲ್ಲ. ಪರಿಣತರ ಬಳಿಗೆ ಹೋಗುವವರೆಗೆ ಆಯುಧ ಯಾರ ವಶದಲ್ಲಿತ್ತೆಂಬುದಕ್ಕೂ ಪುರಾವೆಯಿರಲಿಲ್ಲ. ಅಲ್ಲಿಯೂ ಆರೋಪಿಗೆ ಬಿಡುಗಡೆಯಾಯಿತು.

ಅರಗಿನ ಮೊಹರು ಇಲ್ಲವೆಂದು ಬಿಡುವುದು ತಾಂತ್ರಿಕ ಕಾರಣದ ಬಿಡುಗಡೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಆಯುಧವೇ ಇಡೀ ಪ್ರಕರಣವಾಗಿರುವಾಗ, ನ್ಯಾಯಾಲಯದ ಮೇಜಿನ ಮೇಲಿರುವುದು ಅಂದು ಸಿಕ್ಕಿದ ಅದೇ ಆಯುಧವೆಂಬ ಖಾತರಿಯೇ ಸರಪಳಿಯ ಮೊದಲ ಕೊಂಡಿ. ಅಕ್ರಮ ಆಯುಧದಿಂದ ಸಮಾಜಕ್ಕಿರುವ ಅಪಾಯ ನಿಜ. ಆದರೆ ತಪ್ಪು ಮನುಷ್ಯನನ್ನು ಸೆರೆಯಲ್ಲಿಟ್ಟರೆ ಆ ಪಿಸ್ತೂಲಿನ ನಿಜವಾದ ಒಡೆಯ ಹೊರಗೇ ಉಳಿಯುತ್ತಾನೆ.

ಎಲ್ಲ ಮೇಲ್ಮನವಿಗಳೂ ಹೀಗೆ ಕೊನೆಗಾಣುವುದಿಲ್ಲ. 1993ರ ಮುಂಬೈ ಸ್ಫೋಟದ ಮೊಕದ್ದಮೆಯಲ್ಲಿ ವಯಸ್ಸಾದ ಮಹಿಳೆಯೊಬ್ಬರು, ತನ್ನ ಮನೆಯಲ್ಲಿ ಇಟ್ಟುಹೋದ ಚೀಲದಲ್ಲಿ ಏನಿತ್ತೆಂದು ತನಗೆ ತಿಳಿದಿರಲಿಲ್ಲವೆಂದು ವಾದಿಸಿದರು. ನ್ಯಾಯಾಲಯ ಅದನ್ನು ನಂಬಲಿಲ್ಲ. ಟಾಡಾದಡಿ ಅವರಿಗೆ ವಿಧಿಸಿದ ಐದು ವರ್ಷದ ಶಿಕ್ಷೆಯನ್ನು 2013ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಟಾಡಾದಿಂದ ಬಿಡುಗಡೆಗೊಂಡು ಶಸ್ತ್ರಾಸ್ತ್ರ ಕಾಯ್ದೆಯಡಿ ಮಾತ್ರ ಅಪರಾಧಿಯಾದ ಸಂಜಯ್ ದತ್‌ಗೆ ಅಂದೇ ಐದು ವರ್ಷದ ಶಿಕ್ಷೆ ಖಚಿತವಾಯಿತು. ನಿವೃತ್ತ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಇಬ್ಬರಿಗೂ ಕ್ಷಮಾದಾನ ಕೋರಿದರು. 'ತಿಳಿದಿತ್ತೇ, ಇಲ್ಲವೇ' ಎಂಬ ಒಂದೇ ಪ್ರಶ್ನೆಯ ಮೇಲೆ ಮುಪ್ಪಿನ ವರ್ಷಗಳು ತೂಗುತ್ತವೆ ಎಂಬುದನ್ನು ಆ ಪ್ರಕರಣ ತೋರಿಸಿಕೊಟ್ಟಿತು.

ತೆರೆದಿರುವ ಬಾಗಿಲು

ಇಂದು ಈ ಪ್ರಶ್ನೆಯ ತೂಕ ಹೆಚ್ಚಿದೆ. 2019ರ ತಿದ್ದುಪಡಿ ಸಾಮಾನ್ಯ ಅಕ್ರಮ ಬಂದೂಕಿನ ಕನಿಷ್ಠ ಶಿಕ್ಷೆಯನ್ನು ಒಂದು ವರ್ಷದಿಂದ ಎರಡಕ್ಕೆ, ಗರಿಷ್ಠವನ್ನು ಮೂರರಿಂದ ಐದಕ್ಕೆ ಏರಿಸಿತು. ನಿಷೇಧಿತ ಆಯುಧಕ್ಕೆ ಏಳರಿಂದ ಹದಿನಾಲ್ಕು ವರ್ಷ. ಇನ್ನೊಂದೆಡೆ, 2024ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯನ್ನು ವಿಡಿಯೋ ಚಿತ್ರೀಕರಣ ಮಾಡಬೇಕೆನ್ನುತ್ತದೆ. ಪಂಚರ ಸಹಿ ಮಾತ್ರವಿದ್ದ ಕಡೆ ಇನ್ನು ಮುಂದೆ ಚಿತ್ರವೂ ಇರಬೇಕು. ಇಲ್ಲದಿದ್ದರೆ ಏಕಿಲ್ಲವೆಂದು ಕೇಳುವುದು ವಕೀಲರ ಕೆಲಸ.

ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಸೆಷನ್ಸ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ಹೇಳಿ ಮನ್ನಿಸುವಂತೆ ಕೇಳಿಕೊಳ್ಳಬಹುದು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಡಲು ಕೋರಬಹುದು. ಪರವಾನಗಿಯಿಲ್ಲದ ಸ್ವಾಧೀನದ ಮೊಕದ್ದಮೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 39ನೆಯ ಕಲಮು ಹೇಳುತ್ತದೆ. ಆ ಕಾಗದ ಇದೆಯೇ ಎಂಬುದನ್ನೂ ನೋಡಬೇಕು. ವಕೀಲರಿಗೆ ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲೂಕು ಮಟ್ಟದಲ್ಲಿಯೂ ಇದಕ್ಕಾಗಿ ಸಮಿತಿಗಳಿವೆ.

ಮನೆಯ ಮಗನೊಬ್ಬ ಇಂತಹ ಪ್ರಕರಣದಲ್ಲಿ ಶಿಕ್ಷೆಗೊಳಗಾದಾಗ ಊರು ಬಹುಬೇಗ ದೂರ ಸರಿಯುತ್ತದೆ. ನಾಚಿಕೆಯಿಂದ ಬಾಗಿಲು ಮುಚ್ಚಿದ ಮನೆಯಲ್ಲಿ ಆ 30 ದಿನಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಅಂತಹ ಮನೆಗೆ ಹೋಗಿ, ತೀರ್ಪಿನ ಪ್ರತಿ ಸಿಕ್ಕಿತೇ ಎಂದು ಕೇಳುವ ಒಬ್ಬ ನೆರೆಯವನಿದ್ದರೆ ಅದೇ ದೊಡ್ಡ ಉಪಕಾರ.